ಎಡಗಡೆಯ ಪಿನ್ನು

ಕಾರಿನ ಫೈಬರ್ ಬಾನೆಟ್ಟು ಮುಚ್ಚಿದರೆ ಸದ್ದಾಗುವುದಿಲ್ಲ. ತಗಡಿನದಾದರೆ ಕೈಬಿಟ್ಟೊಡನೆ ಧಡ್ಡೆಂದು ಬಿದ್ದು, ಒಳಗಿನ ಕೊಂಡಿ ಟಕ್ಕೆಂದು ಕಚ್ಚಿ, ಆಯಿತಪ್ಪಾ ಇನ್ನು ಹೊರಡು ಎಂದು ತಾನೇ ಬಾಯಿಬಿಟ್ಟು ಹೇಳುತ್ತದೆ. ಈ ಫೈಬರಿನದು ರಟ್ಟಿನಷ್ಟು ಹಗುರ, ಒಂದೇ ಕೈಯಲ್ಲಿ ಎತ್ತಿ ಗೋಡೆಗೆ ಒರಗಿಸಬಹುದು. ಮುಚ್ಚಿಕೊಂಡಿದೆಯೋ ಸುಮ್ಮನೆ ಕೂತಿದೆಯೋ ಅದರ ಮುಖ ನೋಡಿ ಹೇಳಲಾಗುವುದಿಲ್ಲ. ಹಳೆಯ ಕೊಂಡಿಗೆ ಇದರಲ್ಲಿ ಜಾಗವೇ ಇಲ್ಲ. ಅದರ ಬದಲು ಕಾರಿನ ಮೂಗಿನ ಅಡ್ಡಪಟ್ಟಿಗೆ ಎಡಕ್ಕೊಂದು ಬಲಕ್ಕೊಂದು ಬೆರಳುದ್ದದ ಉಕ್ಕಿನ ಕಡ್ಡಿ ನಿಲ್ಲಿಸುತ್ತಾರೆ. ಬಾನೆಟ್ಟಿಗೆ ಕೊರೆದ ತೂತಿನಲ್ಲಿ ಅವು ಮೇಲೆ ತಲೆ ಹಾಕುತ್ತವೆ, ಆ ತಲೆಯ ಕಣ್ಣಿನೊಳಗೆ ಒಂದೊಂದು ಪಿನ್ನು ತೂರಿಸಿದರೆ ಮುಗಿಯಿತು. ಆ ಎರಡು ಪಿನ್ನು ಬಿಟ್ಟರೆ ಬಾನೆಟ್ಟನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ. ಮೂಗು ಇಳಿಜಾರಾದ್ದರಿಂದ ಸ್ಟೀರಿಂಗ್ ಹಿಂದೆ ಕೂತವನಿಗೆ ಅವು ಕಾಣುವುದೂ ಇಲ್ಲ. ಅದಕ್ಕೇ ಕಾರು ರಿಪೇರಿ ಮಾಡುವ ಅಣ್ಣತಮ್ಮಂದಿರಿಬ್ಬರ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಪಿನ್ನು ಹಾಕಬೇಕು, ಇನ್ನೊಬ್ಬ ಕೇಳಬೇಕು. 'ಎಡ?' 'ಬಿತ್ತು.' 'ಬಲ?' 'ಬಿತ್ತು.' ಕೇಳಿದವನು ಬಗ್ಗಿ ಕಣ್ಣಾರೆ ನೋಡಿ ಬಾನೆಟ್ಟಿಗೆ ಎರಡು ಸಲ ತಟ್ಟಿದ ಮೇಲೆಯೇ ಕೀಲಿ ತಿರುಗಬೇಕು. ಈ ಪದ್ಧತಿ ಮಾಡಿದವನು ಅಣ್ಣನೇ. ಯಾವುದೋ ಗಿರಾಕಿ ಅವಸರದಲ್ಲಿ ಒಂದೇ ಪಿನ್ನು ಹಾಕಿಕೊಂಡು ಹೊರಟು, ದೊಡ್ಡ ರಸ್ತೆಯಲ್ಲಿ ಗಾಳಿ ಒಳಹೊಕ್ಕು, ಬಾನೆಟ್ಟು ಒಂದು ಕಡೆಯಿಂದ ಎದ್ದು ಹರಿದು ಮಡಚಿ ಮುಂದಿನ ಗಾಜನ್ನು ಒಡೆದುಕೊಂಡು ಒಳಗೇ ಬಂದಿತ್ತು. ಆ ಗಿರಾಕಿಯ ಹೆಂಡತಿ ಈಗಲೂ ಬೀದಿಯಲ್ಲಿ ಸಿಕ್ಕರೆ ಮುಖದ ಒಂದು ಪಕ್ಕವನ್ನು ಮಾತ್ರ ಈ ಕಡೆ ಮಾಡಿ ಮಾತಾಡುತ್ತಾಳೆ.

ಈಗ ಕೇಳುವವರಿಲ್ಲ. ಬೇಸಿಗೆಯಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಬೀದಿಯವರು ದೊಡ್ಡೋನು, ಚಿಕ್ಕೋನು ಎಂದೇ ಕರೆಯುವ ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಒಂದೇ ಸೂರಿನ ಕೆಳಗೆ, ಒಂದೇ ಕಾರಿನ ಎರಡು ಬದಿಗೆ ಬಗ್ಗಿ, ಒಂದೇ ಗ್ರೀಸ್ ಡಬ್ಬಕ್ಕೆ ಕೈ ಅದ್ದುತ್ತಾ ಬಾಯಿಗೆ ಬೀಗ ಹಾಕಿಕೊಂಡಿರುತ್ತಾರೆ. ಚಿಕ್ಕೋನಾದರೆ ನಿಜವಾಗಿಯೂ ಮೂಕನಾಗಿಬಿಟ್ಟಿದ್ದ. ಅಣ್ಣ ಹಾಗಲ್ಲ, ಅವನು ಮಾತು ಬಿಟ್ಟರೂ ಅದನ್ನು ಜನರ ಮುಂದೆ ಆಡಿ ತೋರಿಸುವವನು. ಮೂಲೆಯಲ್ಲಿ ಬುಸುಗುಟ್ಟುತ್ತಿದ್ದ ಗಾಳಿ ಯಂತ್ರಕ್ಕೆ ಹೇಳುತ್ತಿದ್ದ: 'ಏನು ಕಂಪ್ರೆಸರ್ ಸಾಹೇಬ್ರೇ, ಹದಿಮೂರನೇ ನಂಬರ್ ಸ್ಪ್ಯಾನರ್ ಎಲ್ಲಿಟ್ಟಿದ್ದೀರಿ? ಕೇಳಿದ್ದಕ್ಕೆ ಬೇಜಾರಿಲ್ಲ ತಾನೇ?' ಗಿರಾಕಿಗಳು ಹಲ್ಲು ಬಿಡುತ್ತಿದ್ದರು. ಚಿಕ್ಕೋನು ಸ್ಪ್ಯಾನರನ್ನು ತೆಗೆದು ಕಂಪ್ರೆಸರಿನ ಮೇಲೆ ಇಟ್ಟು ಬರುತ್ತಿದ್ದ. ಹಾಗೆ ಇಟ್ಟು ಬರುವಾಗಲೆಲ್ಲ ನಲವತ್ತು ದಾಟಿದ ತನ್ನ ಬೆನ್ನು ಹೇಗೆ ಕಾಣುತ್ತಿರಬಹುದು ಎಂದು ಅವನಿಗೆ ಅನ್ನಿಸುತ್ತಿತ್ತು. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದವನ ಬೆನ್ನಿನ ಹಾಗೆಯೇ ಕಾಣುತ್ತಿತ್ತು, ಅದರಲ್ಲಿ ಸಂಶಯವಿರಲಿಲ್ಲ.

ಮಾತು ನಿಂತದ್ದು ಗೋಡೆಯ ಮೇಲಿನ ಬಾನೆಟ್ಟಿನಿಂದ. ಶೆಡ್ಡಿನ ಬಾಗಿಲಿಗೆ ನೇರ ಎದುರಿನ ಗೋಡೆಯಲ್ಲಿ, ಒಳಗೆ ಕಾಲಿಟ್ಟವನ ಕಣ್ಣು ಮೊದಲು ಬೀಳುವಲ್ಲಿ, ಅಣ್ಣ ಅದನ್ನು ನೇತು ಹಾಕಿದ್ದ. ಕಪ್ಪು ಫೈಬರಿನದು, ಅದರಲ್ಲಿ ಎರಡರ ಬದಲು ಮೂರು ತೂತು. ತೂತಿನ ಜಾಗ ಗುರುತಿಸಲು ಕಡ್ಡಿಗಳ ತುದಿಗೆ ಟೂತ್‌ಪೇಸ್ಟ್ ಮೆತ್ತಿ, ಬಾನೆಟ್ಟನ್ನು ಮೆಲ್ಲಗೆ ಇಳಿಸಿ ಎತ್ತಿದರೆ ಒಳಮೈಗೆ ಬಿಳಿ ಚುಕ್ಕೆ ಹತ್ತಿರುತ್ತದೆ, ಅಲ್ಲಿ ಕೊರೆಯಬೇಕು. ಅವತ್ತು ಚಿಕ್ಕೋನು ಇಳಿಸಿದ್ದು ಸರಿಯಾಗಿಯೇ ಇತ್ತು. ಗಿರಾಕಿಯ ಜೊತೆ ಹರಟುತ್ತಾ ಬಂದ ಅಣ್ಣ ಬಾನೆಟ್ಟಿನ ಮೇಲೆ ಮೊಣಕೈ ಊರಿದ್ದ. ಊರಿದ್ದು ಎಷ್ಟು ಹೊತ್ತು? ಒಂದು ನಗು ನಕ್ಕು ಮುಗಿಸುವಷ್ಟು. ಚುಕ್ಕೆ ಅಷ್ಟರಲ್ಲೇ ಜಾರಿತ್ತು. ತೂತು ಕೊರೆದ ಮೇಲೆ ಕಡ್ಡಿ ಅದರೊಳಗೆ ಬರಲಿಲ್ಲ. ಅಣ್ಣ ಅವನ ಕೈಯಿಂದ ಡ್ರಿಲ್ ಕಿತ್ತುಕೊಂಡು, ಗಿರಾಕಿಯ ಎದುರಿಗೇ, 'ಸಾರಿ ಕೇಳು. ಜೋರಾಗಿ ಕೇಳು, ಅವರಿಗೆ ಕೇಳಿಸ್ಲಿಲ್ಲ' ಎಂದಿದ್ದ. ಅವನು ಎರಡು ಸಲ ಸಾರಿ ಕೇಳಿದ್ದ. ನಿನ್ನ ಮೊಣಕೈ ಅಂತ ಒಂದು ಮಾತು ಯಾಕೆ ಬರಲಿಲ್ಲ? ಆಗ ಬಾರದ ಮಾತು ಆಮೇಲೆ ದಿನಾ ಬಂತು, ಹಲ್ಲುಜ್ಜುವಾಗ, ಬೋಲ್ಟು ಬಿಗಿಯುವಾಗ, ಬಚ್ಚಲಲ್ಲಿ ಗ್ರೀಸ್ ತೊಳೆಯುವಾಗ ಗಂಟಲಿನವರೆಗೆ ಬಂದು ಅಲ್ಲೇ ಕೂತುಕೊಂಡಿತು. ಅಣ್ಣನಿಗೆ ಮಾತ್ರ ಗೋಡೆ ಇತ್ತು. ಹೊಸಬರು ಯಾರು ಬಂದರೂ ಕೈ ತೋರಿಸಿ, 'ಅದು ನಮ್ಮ ಚಿಕ್ಕೋನ ಕೈಕೆಲಸ. ಮೂರನೇದು ಗಾಳಿ ಆಡ್ಲಿ ಅಂತ ಬಿಟ್ಟಿದಾನೆ' ಎನ್ನುತ್ತಿದ್ದ.

ಇವತ್ತು ಬೆಳಿಗ್ಗೆ ಹಲ್ಲಿನ ಡಾಕ್ಟರೂ ಅದನ್ನು ನೋಡಿ ನಕ್ಕಿದ್ದರು. ಅವರ ನೀಲಿ ಕಾರಿಗೆ ಹೊಸ ಬಾನೆಟ್ಟು ಕೂರಿಸಿ ಆಗಿತ್ತು, ಕೊನೆಯ ಸಲ ನೋಡಿಹೋಗಲು ಬಂದಿದ್ದರು. 'ನಾನು ಹೀಗೆ ಪಕ್ಕದ ಹಲ್ಲಿಗೆ ಕೊರೆದ್ರೆ ಜನ ನನ್ನ ಗೋಡೆಗೆ ನೇತು ಹಾಕ್ತಾರೆ' ಎಂದು ನಕ್ಕರು. ಒಳ್ಳೆಯ ಮನುಷ್ಯರೇ, ಕೆಟ್ಟದ್ದಕ್ಕೆ ಅಂದದ್ದಲ್ಲ. ಚಿಕ್ಕೋನೂ ನಕ್ಕ. ನಕ್ಕದ್ದಕ್ಕೆ ತನ್ನ ಮೇಲೆ ತನಗೇ ಎಷ್ಟು ಹೇಸಿಗೆಯಾಯಿತೆಂದರೆ, ಹೊಳಪು ಕೊಡುವ ಬಟ್ಟೆ ಹಿಡಿದುಕೊಂಡು ಅದೇ ಒಂದು ಗೇಣು ಜಾಗವನ್ನು ತಿಕ್ಕುತ್ತಲೇ ನಿಂತ. ನೀಲಿ ಬಣ್ಣದೊಳಗೆ ತನ್ನ ಮುಖ ಅಗಲವಾಗಿ, ಕಿವಿಗಳು ಎಲ್ಲೋ ಹೋಗಿ, ಹಲ್ಲು ಮಾತ್ರ ಕಾಣುತ್ತಿತ್ತು. ಪಿನ್ನು ಕಳೆದುಹೋಗದಂತೆ ಅದಕ್ಕೊಂದು ಸಣ್ಣ ತಂತಿ ಕಟ್ಟುವುದುಂಟು, ಅದು ಬಣ್ಣಕ್ಕೆ ಗೀರು ಹಾಕುತ್ತದೆಂದು ಡಾಕ್ಟರು ಬೇಡವೆಂದರು. ಅಣ್ಣ, 'ನಿಮ್ಮಿಷ್ಟ ಸಾರ್, ನಮ್ಮಲ್ಲಿ ಪಿನ್ನು ಮರೆಯೋ ಪ್ರಶ್ನೆನೇ ಇಲ್ಲ' ಎಂದು ತಂತಿಗಳನ್ನು ಕತ್ತರಿಸಿ ಹಾಕಿದ. ಸಂಜೆಯೊಳಗೆ ಕಾರನ್ನು ಮನೆಗೇ ತಲುಪಿಸುತ್ತೇವೆ ಎಂದೂ ಹೇಳಿದ.

ಮಧ್ಯಾಹ್ನ ಅತ್ತಿಗೆ ಊಟದ ಡಬ್ಬಿ ತಂದಳು. ಅವಳು ತರುವುದು ಎರಡು ಡಬ್ಬಿ. ಅಣ್ಣನದು ಮೇಜಿನ ಮೇಲೆ, ಅವನದು ಹಿಂದಿನ ಕಿಟಕಿಯ ಕಟ್ಟೆಯ ಮೇಲೆ. ಮಾತು ಬಿಟ್ಟ ಇಬ್ಬರನ್ನು ಒಂದೇ ಮೇಜಿಗೆ ಕೂರಿಸಬಾರದೆಂದು ಅವಳೇ ಮಾಡಿದ ಏರ್ಪಾಡು ಅದು, ಒಂದು ದಿನವೂ ಆಚೀಚೆ ಆದದ್ದಿಲ್ಲ. ಇವತ್ತು ಅವಳ ಹೊಸ ಕನ್ನಡಕ ತಯಾರಾಗಿತ್ತು. ಅಂಗಡಿ ದೊಡ್ಡ ರಸ್ತೆಯ ಆ ತುದಿಯಲ್ಲಿ. ಕಾರನ್ನು ಒಂದು ಸುತ್ತು ಓಡಿಸಿ ನೋಡಬೇಕಾಗಿತ್ತಲ್ಲ, 'ಬಾ, ಡಾಕ್ಟರ ಕಾರಲ್ಲಿ ಮಹಾರಾಣಿ ಹಂಗೆ ಕೂತ್ಕೊಂಡು ಹೋಗಿ ಬರೋಣ' ಎಂದ ಅಣ್ಣ. ಅವಳು 'ಸಾಕು ನಿಮ್ಮ ವೈಯಾರ' ಎಂದರೂ ಸೀಟಿನ ಮೇಲೆ ಬಟ್ಟೆ ಹಾಸಿಕೊಂಡು ಕೂತಳು. ಅಣ್ಣ ಬಾನೆಟ್ಟು ಇಳಿಸಿದ. ಸದ್ದಾಗಲಿಲ್ಲ. ಬಲಗಡೆಯ ಪಿನ್ನು ತೂರಿಸಿದ. ಎಡಗಡೆಗೆ ಬಂದು ಪಿನ್ನು ಹಿಡಿದು ಬಗ್ಗುವಷ್ಟರಲ್ಲಿ ಫೋನ್ ಬಂತು, ಪಿನ್ನನ್ನು ಅಂಗಿಯ ಜೇಬಿಗೆ ಇಳಿಬಿಟ್ಟು ಫೋನ್ ಎತ್ತಿದ. ಹಾಂ ಸಾರ್, ಹೂಂ ಸಾರ್, ಇವತ್ತೇ ಸಾರ್. ಮಾತು ಮುಗಿಸಿ ಕೈ ಕೊಡವಿಕೊಂಡು ನೇರ ಬಾಗಿಲು ತೆಗೆದು ಸ್ಟೀರಿಂಗ್ ಹಿಂದೆ ಕೂತ. ಮಾರು ದೂರದಲ್ಲಿ ಬಟ್ಟೆ ಹಿಡಿದು ನಿಂತಿದ್ದ ಚಿಕ್ಕೋನಿಗೆ ಎಡಗಡೆಯ ಕಡ್ಡಿ ಖಾಲಿ ಕಣ್ಣು ತೆರೆದುಕೊಂಡು ನಿಂತದ್ದು ಸ್ಪಷ್ಟವಾಗಿ ಕಂಡಿತು.

ಎಡ, ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇದು ಸುಳ್ಳಲ್ಲ. ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಾಗಲೂ ಬಂದದ್ದು ನಿಜವೆಂದೇ ಅವನಿಗೆ ಖಾತ್ರಿ. ಬಾಯಿ ತೆರೆದೂ ಇತ್ತು. ಅಷ್ಟರಲ್ಲಿ ಅಣ್ಣ ಕಿಟಕಿಯ ಗಾಜು ಇಳಿಸಿ, ಇವನ ಕಡೆ ನೋಡದೆ ಹೆಂಡತಿಗೆ ಹೇಳಿದ: 'ಅವನಿಗೆ ಹೇಳು, ಸುಮ್ನೆ ನಿಂತ್ಕೊಳ್ಳೋ ಬದಲು ಗೋಡೆ ಮೇಲಿನ ಬಾನೆಟ್ಟಿನ ಧೂಳು ಒರೆಸ್ಲಿ. ಮೂರು ತೂತೂ ಚೆನ್ನಾಗಿ ಕಾಣ್ಬೇಕು.' ಅತ್ತಿಗೆ, 'ಥೂ, ನಿಮಗೆ ಬೇರೆ ಕೆಲಸ ಇಲ್ವಾ' ಎಂದಳು. ಇವನ ಬಾಯಿ ಮುಚ್ಚಿಕೊಂಡಿತು. ಕಾರು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವನು ಬಟ್ಟೆಯನ್ನು ಮಡಚುತ್ತಲೇ ಇದ್ದ. ಎದೆ ಹೊಡೆದುಕೊಳ್ಳಬೇಕಾಗಿತ್ತಲ್ಲ, ಇಲ್ಲ. ತಣ್ಣಗಿತ್ತು. ಬಹಳ ದಿನದ ಮೇಲೆ ತಲೆ ಹಗುರವಾಗಿತ್ತು ಎಂದರೂ ತಪ್ಪಲ್ಲ.

ಓಣಿಯಲ್ಲಿ ಏನೂ ಆಗುವುದಿಲ್ಲ, ಮಾರ್ಕೆಟ್ಟಿನ ಬೀದಿಯಲ್ಲಿ ಕಾರು ತೆವಳುತ್ತದೆ, ಅಲ್ಲಿಯೂ ಆಗುವುದಿಲ್ಲ. ರೈಲ್ವೆ ಗೇಟು ದಾಟಿದ ಮೇಲೆ ದೊಡ್ಡ ರಸ್ತೆ. ಅಲ್ಲಿ ಅಣ್ಣ ಕಾಲು ಒತ್ತುತ್ತಾನೆ, ಹೊಸ ಕೆಲಸವನ್ನು ಅಲ್ಲಿಯೇ ಅವನು ಪರೀಕ್ಷೆ ಮಾಡುವುದು. ಅಂದರೆ ಇನ್ನೂ ಸಮಯವಿದೆ. ಫೋನ್ ಜೇಬಿನಲ್ಲಿದೆ. ಆದರೆ ಅಣ್ಣನಿಗೆ ಫೋನ್ ಮಾಡಿದರೆ ಮೊದಲು ಮಾತಾಡಿದವನು ನಾನಾಗುತ್ತೇನೆ. ಮಾತಾಡಲಿ, ಅವನೇ ಆಡಲಿ, ಮೊಣಕೈ ಊರಿದವನು ಅವನು. ಈ ವಾದವನ್ನು ಅವನು ಎರಡು ಸಲ ಒಳಗೊಳಗೇ ಒಪ್ಪಿಸಿದ, ಎರಡು ಸಲವೂ ಗೆದ್ದ. ಮೂರನೇ ಸಲಕ್ಕೆ ತಟ್ಟನೆ ಹೊಳೆಯಿತು. ಕಾರಿನಲ್ಲಿ ಅತ್ತಿಗೆಯೂ ಇದ್ದಾಳೆ. ಅತ್ತಿಗೆಯ ಹತ್ತಿರ ಮಾತು ಬಿಟ್ಟಿಲ್ಲ. ಅವಳಿಗೆ ಫೋನ್ ಮಾಡಿ, 'ಗಾಡಿ ನಿಲ್ಸೋಕ್ಕೆ ಹೇಳಿ, ಎಡಗಡೆ ಪಿನ್ನಿಲ್ಲ' ಎಂದರೆ ಆಯಿತು, ಯಾರ ಮೂಗೂ ಕೊಯ್ದುಹೋಗುವುದಿಲ್ಲ. ಅಷ್ಟು ಸುಲಭ. ಹಾಗೆ ಹೊಳೆದ ಮೇಲೂ ತನ್ನ ಕೈ ಜೇಬಿಗೆ ಹೋಗದೆ ಬಟ್ಟೆಯ ನಾಲ್ಕು ಮೂಲೆ ಸರಿ ಮಾಡುತ್ತಿರುವುದನ್ನು ಅವನು ಬೇರೆ ಯಾರದೋ ಕೈ ನೋಡುವಂತೆ ನೋಡಿದ.

ಅತ್ತಿಗೆ ಆ ಮನೆಗೆ ಬಂದಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಶೆಡ್ಡಿಗೆ ಬಂದ ಹೊಸದರಲ್ಲಿ ಕಬ್ಬಿಣ ಕೊರೆಯುವಾಗ ಒಂದು ಚೂರು ಕಣ್ಣಿಗೆ ಹಾರಿತ್ತು. ಅಣ್ಣ, ನೀರು ಹಾಕ್ಕೋ, ಹೋಗುತ್ತೆ, ಎಂದು ಕೆಲಸ ಮುಂದುವರಿಸಿದ್ದ. ಇವಳು ಅವನನ್ನು ಬೆಳಕಿಗೆ ಎಳೆದುಕೊಂಡು ಹೋಗಿ, ಗಲ್ಲ ಹಿಡಿದು, ಸೆರಗಿನ ತುದಿಯನ್ನು ಚೂಪು ಮಾಡಿ, 'ಮುಚ್ಚಬೇಡ ಕಣೋ, ನನ್ನೇ ನೋಡು, ನನ್ನೇ ನೋಡು' ಎನ್ನುತ್ತಾ ತೆಗೆದಿದ್ದಳು. ಅವಳ ಉಸಿರು ಬೆಚ್ಚಗೆ ರೆಪ್ಪೆಗೆ ತಾಗುತ್ತಿತ್ತು. ಗಾಜಿನ ಚೂರಾದರೆ ಹಾಗೆ ಬಟ್ಟೆಯಿಂದ ತೆಗೆಯಲಿಕ್ಕಾಗುತ್ತದೆಯೇ? ಮುಂದಿನ ಗಾಜು ಒಡೆದರೆ ಮೊದಲು ಅದು ಹೋಗುವುದು ಎಲ್ಲಿಗೆ, ಸ್ಟೀರಿಂಗ್ ಹಿಡಿದವನ ಕಡೆಗೋ ಪಕ್ಕದ ಸೀಟಿಗೋ? ಎಡಗಡೆ ಎದ್ದರೆ ಎಡಗಡೆಯ ಸೀಟಿಗೇ. ಅಲ್ಲಿ ಕೂತವಳು ಅವಳು. ಲೆಕ್ಕ ಸರಿಯಾಗಿತ್ತು, ಕೆಲಸ ಗೊತ್ತಿದ್ದವನ ಲೆಕ್ಕ. ಅವನು ಫೋನ್ ತೆಗೆದು ಅತ್ತಿಗೆಗೆ ಮಾಡಿದ.

'ಏನೋ?' ಎಂದಳು. ಹಿಂದೆ ಗಾಳಿ ಮೊರೆಯುತ್ತಿತ್ತು. ಗೇಟು ದಾಟಿಯಾಗಿದೆ. ಹಾಗಾದರೆ ಈಗಲೇ ಹೇಳಬೇಕು. ಅಷ್ಟರಲ್ಲಿ ಗಾಳಿಯ ಮೇಲೆ ತೇಲಿಕೊಂಡು ಅಣ್ಣನ ದನಿ ಬಂತು: 'ಯಾರು? ಕಂಪ್ರೆಸರ್ ಸಾಹೇಬ್ರಾ?' ಅವಳು ನಕ್ಕುಬಿಟ್ಟಳು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ, ಫಕ್ಕನೆ ಬಂದುಬಿಟ್ಟಿತು. ಅಣ್ಣನ ಆ ಹಳೆಯ ತಮಾಷೆಗೆ ಅವಳು ಹಿಂದೆ ಒಮ್ಮೆಯೂ ನಕ್ಕವಳಲ್ಲ.

'ಏನಿಲ್ಲ,' ಎಂದ ಅವನು. 'ಡಬ್ಬಿ ಎಲ್ಲಿಟ್ಟಿದ್ದೀರಿ ಅಂತ.'

'ಡಬ್ಬಿನಾ?' ಒಂದು ಗಳಿಗೆ ಬರೀ ಗಾಳಿ. 'ಅಲ್ಲೇ ಕಣೋ, ಕಿಟಕಿ ಹತ್ರ. ಬಿಸಿ ಇರೋವಾಗ್ಲೇ ತಿನ್ನು.'

ಫೋನ್ ಕಟ್ಟಾಯಿತು. ಅವನು ತಿರುಗಿ ಕಿಟಕಿಯ ಕಡೆ ನೋಡಿದ. ಡಬ್ಬಿ ಇತ್ತು. ಇನ್ನೆಲ್ಲಿಗೆ ಹೋಗುತ್ತದೆ? ಮತ್ತೆ ಮಾಡೋಣವೇ ಎಂದುಕೊಂಡ. ಮತ್ತೆ ಮಾಡಿದರೆ, ಮೊದಲು ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಒಂದು ಸಲ ಹೇಳದಿದ್ದುದೇ ಎರಡನೆಯ ಸಲ ಹೇಳದಿರುವುದಕ್ಕೆ ಕಾರಣವಾಗಿ, ಆಮೇಲೆ ಪ್ರತಿ ನಿಮಿಷವೂ ಹಿಂದಿನ ನಿಮಿಷದ ಹೊರೆಯನ್ನು ತಾನೂ ಹೊತ್ತುಕೊಂಡು ಕಳೆಯಿತು. ಅವನು ಸ್ಟೂಲು ಹಾಕಿಕೊಂಡು ಗೋಡೆಯ ಬಾನೆಟ್ಟಿನ ಧೂಳು ಒರೆಸಿದ. ಮೂರು ತೂತಿನ ಅಂಚಿನಲ್ಲೂ ಬೆರಳಿಗೆ ಬಟ್ಟೆ ಸುತ್ತಿ ಒರೆಸಿದ. ಮೂರನೆಯದರಲ್ಲಿ ಬೆರಳು ಸ್ವಲ್ಪ ಹೊತ್ತು ಹಾಗೆಯೇ ಉಳಿಯಿತು. ದೂರದಲ್ಲಿ ಎಲ್ಲೋ ಆಂಬುಲೆನ್ಸು ಕೂಗಿಕೊಂಡು ಹೋಯಿತು. ಈ ಊರಲ್ಲಿ ಅದು ದಿನಾ ಹೋಗುತ್ತಿರುತ್ತದೆ, ಇವತ್ತೇ ಹೊಸದಾಗಿ ಹೋದದ್ದಲ್ಲ ಎಂದುಕೊಂಡ. ಗಾಜು ಒಡೆದಿರಲಿ, ಅಣ್ಣನಿಗೆ ಮಾತ್ರ ತಾಗಿರಲಿ, ಅತಿಯಾಗಿ ಬೇಡ, ಗಿರಾಕಿಗಳ ಮುಂದೆ ತಲೆ ತಗ್ಗಿಸುವಷ್ಟು ಸಾಕು. ಹೀಗೆ ಸೂಚನೆ ಕೊಟ್ಟು ಮಾಡಿಸಿಕೊಳ್ಳುವ ಕೆಲಸವೇ ಇದು? ಥೂ ನನ್ನ ಜನ್ಮಕ್ಕೆ, ಎಂದು ಬಾಯಿಬಿಟ್ಟೇ ಹೇಳಿದ. ಹೇಳಿದ್ದು ಕಂಪ್ರೆಸರಿನ ಎದುರಿಗೆ.

ಕಾರು ಬಂತು. ಓಣಿಯ ತಿರುವಿನಲ್ಲಿ ನೀಲಿ ಮೂಗು ಕಂಡಾಗ ಅವನಿಗೆ ಮೊದಲು ಆದದ್ದು ಸಂತೋಷವಲ್ಲ, ನಿರಾಸೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಆದರೆ ಆಯಿತು, ಅದನ್ನು ಅವನು ಕಂಡುಬಿಟ್ಟ. ಅದರ ಹಿಂದೆಯೇ ಸ್ಟೂಲಿನ ಮೇಲೆ ಕೂತ. ಅಣ್ಣ ಇಳಿದ. ಮುಖ ಬಿಳಿಚಿಕೊಂಡಿತ್ತು. ನೇರ ಅವನ ಎದುರಿಗೆ ಬಂದು ನಿಂತು, ಕಂಪ್ರೆಸರನ್ನೂ ಹೆಂಡತಿಯನ್ನೂ ನಡುವೆ ತಾರದೆ, ಅವನ ಕಣ್ಣಿಗೇ ಹೇಳಿದ: 'ಎಡಗಡೆ ಪಿನ್ನು ಹಾಕೇ ಇರ್ಲಿಲ್ಲ ಕಣೋ. ನನ್ನ ಜೇಬಲ್ಲೇ ಇತ್ತು. ಪೆಟ್ರೋಲ್ ಬಂಕಲ್ಲಿ ಟೈರಿಗೆ ಗಾಳಿ ಹಾಕೋನು ತೋರಿಸ್ದ. ಪಕ್ಕದಲ್ಲಿ ಇವಳು ಮೆಲ್ಲಗೆ, ಮೆಲ್ಲಗೆ ಅಂತ ಪ್ರಾಣ ತಿಂತಿದ್ಲು ಅಂತ ಜೋರಾಗಿ ಬಿಡ್ಲಿಲ್ಲ. ಬಿಟ್ಟಿದ್ರೆ…' ಮುಂದೆ ಹೇಳಲಾಗದೆ ಖಾಲಿ ಜೇಬನ್ನು ತಟ್ಟಿ ತೋರಿಸಿದ. ಆಮೇಲೆ ಗೋಡೆಯ ಹತ್ತಿರ ಹೋಗಿ, ಈಗಷ್ಟೇ ಒರೆಸಿ ಹೊಳೆಯುತ್ತಿದ್ದ ಬಾನೆಟ್ಟನ್ನು ಎರಡೂ ಕೈಯಲ್ಲಿ ಇಳಿಸಿ, ಮುಖ ಗೋಡೆಗೆ ಮಾಡಿ ನೆಲಕ್ಕೆ ಇಟ್ಟ. 'ಊರಿಗೆಲ್ಲ ನಿನ್ನ ತೋರಿಸಿ ನಗ್ತಿದ್ದೆ. ನಾನೇನು ಸಾಚಾ? ಬಿಟ್ಟುಬಿಡೋ ಅತ್ಲಾಗೆ. ನಮ್ಮಿಬ್ಬರ ಹಾಳು ಹಟಕ್ಕೆ ಅವಳು ಹೋಗ್ಬಿಡ್ತಿದ್ಲು. ನೀನು ನೋಡಿದ್ರೆ ಹೇಳಿರ್ತಿದ್ದೆ, ಅದು ನಂಗೆ ಗೊತ್ತು. ಎಷ್ಟಂದ್ರೂ ನೀನು ಹಂಗೆಲ್ಲ ಮಾಡೋನಲ್ಲ.'

ಇಷ್ಟು ತಿಂಗಳು ಹಗಲೂ ರಾತ್ರಿ ಅವನು ಕಾದದ್ದು ಈ ಮಾತಿಗೇ. ಬಂತು, ಪೂರ್ತಿಯಾಗಿ ಬಂತು. 'ಪಿನ್ನು ಹಾಕೋವಾಗ ನಾನು ಒಳಗಿದ್ದೆ,' ಎಂದ ಚಿಕ್ಕೋನು. ಬೇಸಿಗೆಯಿಂದ ಈಚೆಗೆ ಅಣ್ಣನ ಹತ್ತಿರ ಅವನು ಆಡಿದ ಮೊದಲ ಮಾತು ಅದು.

ಅತ್ತಿಗೆ ಕಾರಿನಿಂದ ಇಳಿದಿದ್ದಳು. ಹೊಸ ಕನ್ನಡಕ ಹಾಕಿಕೊಂಡಿದ್ದಳು, ಅದರೊಳಗೆ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಅವಳು ನೇರ ಹಿಂದಿನ ಕಿಟಕಿಗೆ ಹೋದಳು. ಡಬ್ಬಿ ಎತ್ತಿದಳು. ಖಾಲಿ ಡಬ್ಬಿ ಎತ್ತುವ ಅಂದಾಜಿನಲ್ಲಿ ಎತ್ತಿದ ಕೈ ಭಾರಕ್ಕೆ ಒಂದಿಷ್ಟು ಕೆಳಗಿಳಿಯಿತು. ಮುಚ್ಚಳ ತೆಗೆದು ನೋಡಲಿಲ್ಲ. ಡಬ್ಬಿ ಹಿಡಿದುಕೊಂಡೇ ಅವನ ಕಡೆ ತಿರುಗಿ, ಕಿಟಕಿಯ ಕಟ್ಟೆಯನ್ನೊಮ್ಮೆ, ಕಾರಿನ ಮೂಗನ್ನೊಮ್ಮೆ, ತಾವು ಹೊರಡುವಾಗ ಅವನು ಬಟ್ಟೆ ಹಿಡಿದು ನಿಂತಿದ್ದ ಜಾಗವನ್ನೊಮ್ಮೆ ನೋಡಿದಳು.

'ಡಬ್ಬಿ ಸಿಕ್ಲಿಲ್ವಾ?' ಎಂದಳು.

ಅಣ್ಣನಿಗೆ ಅದು ಕೇಳಿಸಿತೋ ಇಲ್ಲವೋ, ಕೇಳಿಸಿದ್ದರೂ ಊಟದ ಮಾತಷ್ಟೇ. ಅವನು ಮುಖ ತೊಳೆದುಕೊಂಡು ಬಂದು, 'ಡಾಕ್ಟರ ಮನೆಗೆ ನೀನೇ ಬಿಟ್ಟು ಬಾರೋ, ನನ್ನ ಕೈ ನಿಲ್ತಾ ಇಲ್ಲ' ಎಂದು ಕೀಲಿ ಕೊಟ್ಟ. ಡಾಕ್ಟರ ಮನೆಗೂ ದೊಡ್ಡ ರಸ್ತೆಯಲ್ಲೇ ಹೋಗಬೇಕು. ಒಮ್ಮೆ ಎಲ್ಲ ನೋಡಿಬಿಡೋಣವೆಂದು ಅಣ್ಣತಮ್ಮಂದಿರು ಬಾನೆಟ್ಟು ಎತ್ತಿ, ಕಡ್ಡಿಗಳ ನಟ್ಟು ಮುಟ್ಟಿ, ಮತ್ತೆ ಇಳಿಸಿದರು. 'ನೀನು ಕೂತ್ಕೋ. ಪಿನ್ನು ನಾನು ಹಾಕ್ತೀನಿ' ಎಂದಳು ಅತ್ತಿಗೆ. ಅಣ್ಣ ಅಷ್ಟರಲ್ಲಿ ಒಳಗೆ ಬೆಂಚಿನ ಮೇಲೆ ಉರುಳಿ ಕಣ್ಣಿನ ಮೇಲೆ ತೋಳು ಹಾಕಿಕೊಂಡಿದ್ದ. ಚಿಕ್ಕೋನು ಸ್ಟೀರಿಂಗ್ ಹಿಂದೆ ಕೂತ. ಎದುರಿಗೆ ನೀಲಿ ಇಳಿಜಾರು, ಅದರ ಆಚೆ ಅವಳ ತಲೆ ಮತ್ತು ಹೆಗಲು. ಅವಳು ಎಡಕ್ಕೆ ಬಗ್ಗಿದಳು, ಬಲಕ್ಕೆ ಬಗ್ಗಿದಳು. ಕೈ ಏನು ಮಾಡಿತೆಂದು ಕಾಣಲಿಲ್ಲ. ಆಮೇಲೆ ನೆಟ್ಟಗೆ ನಿಂತು, ಯಾರೂ ಕೇಳದೆಯೇ, ಗಾಜಿನಾಚೆಯಿಂದ ಅವನ ಮುಖವನ್ನೇ ನೋಡುತ್ತಾ ಹೇಳಿದಳು: 'ಎಡ ಬಿತ್ತು. ಬಲ ಬಿತ್ತು.' ಬಾನೆಟ್ಟಿಗೆ ಎರಡು ಸಲ ತಟ್ಟಿದಳು. ಇಳಿದು ನೋಡಲು ನಾಲ್ಕು ಹೆಜ್ಜೆ ಸಾಕು. ಆದರೆ ಅವಳ ಕಣ್ಣೆದುರಿಗೆ ಆ ನಾಲ್ಕು ಹೆಜ್ಜೆ ಇಟ್ಟರೆ ಎಲ್ಲವನ್ನೂ ಒಪ್ಪಿಕೊಂಡಂತೆ. ಅವನು ಕೀಲಿ ತಿರುಗಿಸಿದ.

ಗೇಟು ದಾಟಿದ ಮೇಲೆ ಅವನು ಕಾರನ್ನು ಎತ್ತಿನ ಗಾಡಿಯ ಹಾಗೆ ನಡೆಸಿದ. ಹಿಂದಿನವರು ಹಾರ್ನು ಹೊಡೆದರು, ಪಕ್ಕಕ್ಕೆ ಬಂದು, 'ಏನಪ್ಪಾ, ಮೆರವಣಿಗೆನಾ?' ಎಂದು ಕೂಗಿದರು. ಬಾನೆಟ್ಟಿನ ಅಂಚು ಅದುರುತ್ತಿತ್ತು. ಫೈಬರ್ ಯಾವಾಗಲೂ ಅದುರುತ್ತದೆ, ಅದು ಅವನಿಗೆ ಗೊತ್ತು, ಗೊತ್ತಿದ್ದೂ ಎಡಗಡೆ ಬಲಗಡೆಗಿಂತ ಹೆಚ್ಚು ಅದುರುತ್ತಿದೆ ಎನ್ನಿಸಿತು. ಹಾಕಿರಲಿಕ್ಕಿಲ್ಲ. ಯಾಕೆ ಹಾಕಬೇಕು? ಅವಳ ಜಾಗದಲ್ಲಿ ನಾನಿದ್ದರೆ ಹಾಕುತ್ತಿದ್ದೆನೇ? ಬಾಯಲ್ಲಿ ಬಿತ್ತು ಎಂದು, ಪಿನ್ನನ್ನು ಮುಷ್ಟಿಯಲ್ಲಿ ಹಿಡಿದು ತಟ್ಟಿ, ನಗುತ್ತಾ ಕಳಿಸುತ್ತಿದ್ದೆ. ಎಷ್ಟು ಮೆತ್ತಗಿದ್ದಳು ಇಷ್ಟು ವರ್ಷ, ಎಲ್ಲ ನಾಟಕ. ಹೀಗೆ ಅವಳ ಮೇಲೆ ಸಿಟ್ಟು ಏರುತ್ತಾ ಏರುತ್ತಾ ಹೋದಂತೆ ಅವನಿಗೆ ಒಂದು ಬಗೆಯ ಸಮಾಧಾನವೂ ಆಗುತ್ತಿತ್ತು. ಕೊನೆಗೆ ತಾಳಲಾರದೆ ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿ, ಇಳಿದು, ಓಡಿದಂತೆಯೇ ಮುಂದಕ್ಕೆ ಹೋಗಿ ಬಗ್ಗಿದ.

ಎರಡೂ ಬಿದ್ದಿದ್ದವು. ಎಡಗಡೆಯದನ್ನು ತುದಿಯವರೆಗೆ ಒತ್ತಿ, ಬಿಚ್ಚಿಕೊಳ್ಳದಂತೆ ಬಾಯಿ ಒಳಕ್ಕೆ ತಿರುಗಿಸಿ ಕೂರಿಸಿದ್ದಳು. ಅವನು ಅದನ್ನು ಮುಟ್ಟಿದ, ಎಳೆದ, ಅದು ಅಲುಗಲಿಲ್ಲ. ಹಾಗೆಯೇ ಬಗ್ಗಿಕೊಂಡು ನಿಂತ. ಲಾರಿಗಳು ಗಾಳಿ ಎಬ್ಬಿಸಿ ಹೋಗುತ್ತಿದ್ದವು. ಜೇಬಿನಲ್ಲಿ ಫೋನ್ ಬಂತು.

'ಎಲ್ಲಿದ್ದೀಯ?' ಅತ್ತಿಗೆ ಕೇಳಿದಳು.

'ದಾರೀಲಿ.'

'ನಿಲ್ಲಿಸಿ ಇಳಿದು ನೋಡ್ದೆ, ಅಲ್ವಾ?'

ಮತ್ತೊಂದು ಲಾರಿ ಹೋಯಿತು. ಆ ಸದ್ದು ಅವಳಿಗೂ ಕೇಳಿಸಿರಬೇಕು.

'ನಾವು ಬಂಕಿನ ತನಕ ಇಳೀಲೇ ಇಲ್ಲ,' ಎಂದಳು. 'ನೋಡ್ಬೇಕು ಅಂತಾನೇ ನಂಗೆ ಅನ್ನಿಸ್ಲಿಲ್ಲ. ನೀನು ಅಲ್ಲೇ ನಿಂತಿದ್ಯಲ್ಲ.'

ಅವನು, 'ಅತ್ತಿಗೆ,' ಎಂದ.

'ನಿಮ್ಮಣ್ಣಂಗೆ ಹೇಳೋದಿಲ್ಲ. ಪಾಪ, ಬಹಳ ದಿನದ ಮೇಲೆ ಖುಷಿಯಾಗಿದಾರೆ. ನಾಳೆಯಿಂದ ಇಬ್ಬರೂ ಒಂದೇ ಮೇಜಲ್ಲಿ ಕೂತು ಊಟ ಮಾಡ್ಬೇಕಂತೆ, ಎರಡೂ ಡಬ್ಬಿ ಅಲ್ಲೇ ಇಡು ಅಂದ್ರು. ಇಡ್ತೀನಿ.' ಫೋನಿನಲ್ಲಿ ಅವಳ ಉಸಿರು ಕೇಳಿಸುತ್ತಿತ್ತು. 'ಎಲ್ಲಿದೆ ಅಂತ ಮಾತ್ರ ಇನ್ಮೇಲೆ ಫೋನ್ ಮಾಡಬೇಡ.'

ಫೋನ್ ಕಟ್ಟಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವನು ಕಾರಿಗೆ ಹತ್ತಿ, ಸೀಟಿನಿಂದ ಕಾಣದ ಆ ಎರಡು ಪಿನ್ನುಗಳ ಕಡೆಗೇ ನೋಡುತ್ತಾ, ಡಾಕ್ಟರ ಮನೆಯ ಕಡೆಗೆ ಜೋರಾಗಿಯೇ ಓಡಿಸಿದ. ಬಾನೆಟ್ಟು ಕದಲಲಿಲ್ಲ.